ಕಥೆ ಮುಗಿದ ಮೇಲೆ

ಕಥೆಯನ್ನು ಮೆಚ್ಚಿದವನಿಗೆ ಎರಡು ಆಸೆಗಳಿರುತ್ತವೆ. ಕಥೆ ಎಂದೂ ಮುಗಿಯಬಾರದೆಂಬುದು ಒಂದು. ಅದು ಚೆನ್ನಾಗಿ ಮುಗಿಯಬೇಕೆಂಬುದು ಇನ್ನೊಂದು. ಇವೆರಡೂ ಒಟ್ಟಿಗೆ ಕೈಗೂಡುವುದು ಸಾಧ್ಯವಿಲ್ಲ. ಅಜ್ಜಿ ಕಥೆ ಮುಗಿಸಿ ದೀಪ ಸಣ್ಣದು ಮಾಡಿದರೂ ಮಗು "ಆಮೇಲೆ?" ಎಂದು ಕೇಳಿಯೇ ಕೇಳುತ್ತದೆ. ಅಜ್ಜಿ ಮುಂದುವರಿಸಿದರೆ "ಹಾಗಲ್ಲ, ಹೀಗಾಗಬೇಕಿತ್ತು" ಎಂದು ತಕರಾರು ತೆಗೆಯುವುದೂ ಅದೇ ಮಗುವೇ. ಈ ಸ್ವಭಾವ ದೊಡ್ಡವರಾದ ಮೇಲೂ ನಮ್ಮನ್ನು ಬಿಡುವುದಿಲ್ಲ. ಒಂದು ಕಥಾಮಾಲೆಯನ್ನು ಬಾಲ್ಯದಲ್ಲಿ ಪ್ರೀತಿಸಿ, ಅದರ ಮುಂದುವರಿಕೆಯನ್ನು ಪ್ರಾಯಕ್ಕೆ ಬಂದ ಮೇಲೆ ಓದಿದವರ ಮನಸ್ಸಿನಲ್ಲಿ ಏನೇನು ನಡೆಯಿತೆಂಬುದನ್ನು ಈ ಪುಟಗಳಲ್ಲಿ ನಮ್ಮ ಕಿರಿಯ ಬಂಧುಗಳ ಮುಂದೆ ನಿವೇದಿಸಬೇಕೆಂದಿದ್ದೇವೆ.

ಕಥಾಮಾಲೆ ಯಾವುದೆಂದು ಊಹಿಸುವುದು ಕಷ್ಟವಲ್ಲ. ಜೆ. ಕೆ. ರೋಲಿಂಗ್ ಬರೆದ ಹ್ಯಾರಿ ಪಾಟರನ ಏಳು ಸಂಪುಟಗಳಲ್ಲಿ ಮೊದಲನೆಯದು ಲಂಡನ್ನಿನಲ್ಲಿ 1997ರ ಜೂನ್ 26ರಂದು ಹೊರಬಂದಿತು. ಗಟ್ಟಿರಟ್ಟಿನ ಮೊದಲ ಮುದ್ರಣದಲ್ಲಿ ಅಚ್ಚಾದದ್ದು ಕೇವಲ 500 ಪ್ರತಿಗಳು. ಕಡೆಯ ಸಂಪುಟ 2007ರ ಜುಲೈ 21ರಂದು ಬಂದಾಗ ಜಗತ್ತಿನ ಎಷ್ಟೋ ನಗರಗಳಲ್ಲಿ ಅಂಗಡಿಗಳು ನಡುರಾತ್ರಿಯಲ್ಲಿ ಬಾಗಿಲು ತೆರೆದವು. ಹತ್ತು ವರ್ಷಗಳಲ್ಲಿ ಆ ಕಥೆ ಬೆಳೆದ ಪರಿ ಅದು. ಪುಸ್ತಕಗಳೂ ಬೆಳೆದವು: ಮೊದಲನೆಯದಕ್ಕೆ 223 ಪುಟ, ಏಳನೆಯದಕ್ಕೆ 607.

ಮುಂಬಯಿಯ ಕನ್ನಡ ಶಾಲೆಯ ಬೆಂಚುಗಳಿಗೆ ಈ ಕಥೆ ನೇರವಾಗಿ ಬರಲಿಲ್ಲ. ನಮ್ಮ ತಂದೆಯವರಲ್ಲಿ ಕೆಲವರು ಹೋಟೆಲುಗಳಲ್ಲಿ, ಕೆಲವರು ಕ್ಯಾಂಟೀನುಗಳಲ್ಲಿ, ಇನ್ನು ಕೆಲವರು ಸಣ್ಣ ಕಚೇರಿಗಳಲ್ಲಿ ದುಡಿಯುತ್ತಿದ್ದರು. ಹೊಸ ಪುಸ್ತಕ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ಓದುವ ಶಕ್ತಿಯೂ ಇರಲಿಲ್ಲ. ಆದ್ದರಿಂದ ಹ್ಯಾರಿ ನಮಗೆ ಮೊದಲು ಹಿಂದಿ ಅನುವಾದದಲ್ಲಿ ದೊರೆತನು. ಆ ಅನುವಾದದಲ್ಲಿ ಮಾಂತ್ರಿಕರ ಮಂತ್ರಗಳು ಸಂಸ್ಕೃತದ ವೇಷ ತೊಟ್ಟಿದ್ದವು. ಸುಭಾಷಿತಗಳನ್ನು ಕಂಠಪಾಠ ಮಾಡಿ ಬೇಸತ್ತಿದ್ದ ನಮಗೆ ಅದೇ ಸಂಸ್ಕೃತದಿಂದ ಬೀಗ ತೆರೆಯಬಹುದು, ವಸ್ತುಗಳನ್ನು ಗಾಳಿಯಲ್ಲಿ ತೇಲಿಸಬಹುದು ಎಂದು ತಿಳಿದಾಗ ಆದ ಆನಂದ ಅಷ್ಟಿಷ್ಟಲ್ಲ. ಅನಂತರ ರದ್ದಿ ಅಂಗಡಿಯಲ್ಲಿ ಸಿಕ್ಕಿದ ಇಂಗ್ಲಿಷ್ ಪ್ರತಿಗಳನ್ನು ನಿಘಂಟಿನ ಜೊತೆಯಲ್ಲಿಟ್ಟುಕೊಂಡು, ಒಬ್ಬರ ತರುವಾಯ ಒಬ್ಬರಂತೆ, ನಾಲ್ಕು ನಾಲ್ಕು ದಿನಗಳ ಸರದಿಯಲ್ಲಿ ಓದಿದೆವು. ನಮ್ಮಲ್ಲಿ ಹಲವರಿಗೆ ಇಂಗ್ಲಿಷಿನ ಭಯ ಬಿಟ್ಟದ್ದು ಪಾಠಗಳಿಂದಲ್ಲ, ಆ ಸರದಿಯಿಂದ.

ಕಥೆ ನಮಗೇಕೆ ಅಷ್ಟು ಹತ್ತಿರವಾಯಿತು? ಹ್ಯಾರಿ ತಬ್ಬಲಿ, ದೊಡ್ಡಮ್ಮ ದೊಡ್ಡಪ್ಪಂದಿರ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುವವನು. ನಮ್ಮಲ್ಲಿ ಮೂವರು ತಂದೆತಾಯಿಗಳನ್ನು ಊರಿನಲ್ಲಿ ಬಿಟ್ಟು, ಇಲ್ಲಿ ಸೋದರಮಾವಂದಿರ ಚಾಳಿನ ಕೋಣೆಯಲ್ಲಿ ಮಂಚದ ಕೆಳಗೆ ಹಾಸಿಗೆ ಬಿಚ್ಚುತ್ತಿದ್ದವರು. ಅವರ ಮಾವಂದಿರು ಹ್ಯಾರಿಯ ಬಂಧುಗಳಂತೆ ಕ್ರೂರಿಗಳಾಗಿರಲಿಲ್ಲ. ಆದರೂ ಪರರ ಮನೆಯಲ್ಲಿ ಬೆಳೆಯುವ ಹುಡುಗನ ಸಂಕೋಚ ಎಲ್ಲ ದೇಶಗಳಲ್ಲಿಯೂ ಒಂದೇ. ಅಂಥವನಿಗೆ ಶಾಲೆಯೇ ಮನೆಯಾಗುತ್ತದೆಂಬುದನ್ನು ಯಾರೂ ನಮಗೆ ವಿವರಿಸಬೇಕಾಗಿರಲಿಲ್ಲ.

2007ರಲ್ಲಿ ಕಥೆ ಮುಗಿಯಿತು. ಕಡೆಯ ಅಧ್ಯಾಯದ ಆಚೆ ಲೇಖಕಿ ಒಂದು ಕಿರು ಉಪಸಂಹಾರವನ್ನು ಸೇರಿಸಿದ್ದರು. ಹತ್ತೊಂಬತ್ತು ವರ್ಷಗಳು ಕಳೆದಿವೆ. ಹ್ಯಾರಿ ಈಗ ತಂದೆ. ಅವನ ಎರಡನೆಯ ಮಗ ಆಲ್ಬಸ್ ಮೊದಲ ಸಲ ಶಾಲೆಯ ರೈಲು ಹತ್ತಲಿದ್ದಾನೆ. ತನ್ನನ್ನು ಅಪಕೀರ್ತಿಯುಳ್ಳ ಸ್ಲಿದರಿನ್ ಪಂಗಡಕ್ಕೆ ಹಾಕಿಬಿಟ್ಟರೇನು ಗತಿ ಎಂದು ಅಳುಕುತ್ತಿದ್ದಾನೆ. ತಂದೆ ಸಮಾಧಾನ ಹೇಳುತ್ತಾನೆ, ರೈಲು ಹೊರಡುತ್ತದೆ. ಕೆಲವರಿಗೆ ಈ ಉಪಸಂಹಾರ ಅತಿ ಸಿಹಿಯೆನಿಸಿತು, ನಮಗೆ ಹಾಗೆನ್ನಿಸಲಿಲ್ಲ. ಆ ವರ್ಷ ನಾವೂ ಶಾಲೆಯ ಕಡೆಯ ತರಗತಿಯಲ್ಲಿದ್ದೆವು. ರೈಲು ನಿಲ್ದಾಣದಲ್ಲಿ ಮುಗಿದ ಕಥೆ ನಮಗೆ ಸಲ್ಲಬೇಕಾದ ವಿದಾಯವನ್ನೇ ಹೇಳಿದಂತಿತ್ತು. ಮುಂದೆ ಒಬ್ಬರು ಠಾಣೆಗೆ, ಒಬ್ಬರು ಪುಣೆಗೆ, ಒಬ್ಬರು ಕೊಲ್ಲಿಯ ದೇಶಕ್ಕೆ ಹೋದೆವು. ಆಲ್ಬಸ್ ಯಾವ ಪಂಗಡ ಸೇರಿದ, ಯಾರೊಡನೆ ಸ್ನೇಹ ಬೆಳೆಸಿದ ಎಂಬುದನ್ನೆಲ್ಲ ನಮ್ಮ ನಮ್ಮ ಮನಸ್ಸಿನಲ್ಲೇ ಬರೆದುಕೊಂಡೆವು.

ಒಂಬತ್ತು ವರ್ಷಗಳ ತರುವಾಯ, 2016ರ ಜುಲೈ 30ರಂದು, ಲಂಡನ್ನಿನ ಪ್ಯಾಲೆಸ್ ಥಿಯೇಟರಿನಲ್ಲಿ 'ಹ್ಯಾರಿ ಪಾಟರ್ ಅಂಡ್ ದ ಕರ್ಸ್ಡ್ ಚೈಲ್ಡ್' ಎಂಬ ನಾಟಕ ವಿಧ್ಯುಕ್ತವಾಗಿ ಆರಂಭವಾಯಿತು. ಕಥೆ ರೋಲಿಂಗ್, ಜಾಕ್ ಥಾರ್ನ್, ಜಾನ್ ಟಿಫನಿ ಮೂವರದು. ನಾಟಕ ಬರೆದವರು ಥಾರ್ನ್, ನಿರ್ದೇಶಿಸಿದವರು ಟಿಫನಿ. ಮರುದಿನವೇ, ಎಂದರೆ ಹ್ಯಾರಿಯ ಹುಟ್ಟುಹಬ್ಬವಾದ ಜುಲೈ 31ರಂದು, ನಾಟಕದ ಪಠ್ಯ ಪುಸ್ತಕವಾಗಿ ಬಂದಿತು. ಅದನ್ನು ಎಂಟನೆಯ ಕಥೆಯೆಂದು ಸಾರಲಾಯಿತು. ಉಪಸಂಹಾರ ನಿಂತಿದ್ದ ರೈಲು ನಿಲ್ದಾಣದಿಂದಲೇ ನಾಟಕ ಹೊರಡುತ್ತದೆ. ಆಲ್ಬಸ್ ತಾನು ಅಂಜಿದ್ದ ಸ್ಲಿದರಿನ್ನಿಗೇ ಸೇರುತ್ತಾನೆ. ತಂದೆಯ ಹಳೆಯ ವೈರಿ ಡ್ರೇಕೊ ಮಾಲ್ಫಾಯನ ಮಗ ಸ್ಕಾರ್ಪಿಯಸ್ ಅವನ ಆಪ್ತಮಿತ್ರನಾಗುತ್ತಾನೆ. ತಂದೆಯ ಕೀರ್ತಿಯ ನೆರಳಿನಲ್ಲಿ ಬಾಡಿದ ಹುಡುಗ, ತಂದೆಯ ಕಾಲದಲ್ಲಿ ಅನ್ಯಾಯವಾಗಿ ಸತ್ತ ಸೆಡ್ರಿಕ್ ಡಿಗರಿಯನ್ನು ಬದುಕಿಸಲು ಕಾಲಯಂತ್ರವೊಂದನ್ನು ಕದ್ದು ಹಿಂದಕ್ಕೆ ಹೋಗುತ್ತಾನೆ.

ಈ ಪುಸ್ತಕ ನಮ್ಮ ಕೈಸೇರಿದ ವಾರದಲ್ಲಿ, ವರ್ಷಗಳಿಂದ ಪತ್ರವ್ಯವಹಾರವಿಲ್ಲದವರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಮಾತಾಡಿದೆವು. ಮಾತು ಬೇಗನೆ ಜಗಳವಾಯಿತು. ಒಂದು ಪಕ್ಷದವರ ಆಕ್ಷೇಪಗಳಿಗೆ ಆಧಾರವಿಲ್ಲದೆ ಇರಲಿಲ್ಲ. ಮೂರನೆಯ ಸಂಪುಟದಲ್ಲಿ ಕಾಲಯಂತ್ರದಿಂದ ಹಿಂದಕ್ಕೆ ಹೋದವರು, ಮೊದಲೇ ನಡೆದುದರಲ್ಲಿ ತಾವೂ ಪಾಲುಗೊಂಡಿದ್ದರೆಂಬುದನ್ನು ಕಾಣುವರೇ ಹೊರತು ನಡೆದುದನ್ನು ಅಳಿಸಲಾರರು. ನಾಟಕದಲ್ಲಿ ಚಿಕ್ಕ ಬದಲಾವಣೆಯೊಂದು ಇಡೀ ಜಗತ್ತನ್ನೇ ಬೇರೆಯಾಗಿಸುತ್ತದೆ. ದುಷ್ಟ ವೋಲ್ಡೆಮಾರ್ಟನಿಗೆ ಮಗಳೊಬ್ಬಳಿದ್ದಳೆಂಬ ಸಂಗತಿ, ಪ್ರೀತಿಯೆಂಬುದೇ ತಿಳಿಯದವನೆಂದು ಏಳು ಸಂಪುಟಗಳಲ್ಲಿ ಬಣ್ಣಿಸಲ್ಪಟ್ಟ ಅವನ ಸ್ವಭಾವಕ್ಕೆ ಹೊಂದುವುದಿಲ್ಲ. ರೈಲಿನಲ್ಲಿ ತಿಂಡಿ ಮಾರುವ ಮುದುಕಿ ತನ್ನ ಕಡುಬುಗಳನ್ನೇ ಬಾಂಬುಗಳಂತೆ ಎಸೆಯುವ ದೃಶ್ಯವಂತೂ ಎಲ್ಲ ದೇಶಗಳ ಅಭಿಮಾನಿಗಳ ಪರಿಹಾಸ್ಯಕ್ಕೆ ಗುರಿಯಾಯಿತು. ಇವೆಲ್ಲಕ್ಕಿಂತ ಮಿಗಿಲಾಗಿ, ಇದು ಕಾದಂಬರಿಯಲ್ಲ, ನಾಟಕದ ಪಠ್ಯ. ರಂಗದ ಮೇಲಿನ ಬೆಳಕು, ಮಾಯೆ, ನಟರ ಮುಖ ಇವು ಲಂಡನ್ನಿನವರ ಪಾಲು. ನಮ್ಮ ಪಾಲಿಗೆ ಬರಿಯ ಸಂಭಾಷಣೆ. ಭಾಗವತರೂ ಚೆಂಡೆಯೂ ಇಲ್ಲದ ಯಕ್ಷಗಾನದ ಪ್ರಸಂಗ ಪುಸ್ತಕವನ್ನು ಕೈಗಿತ್ತು "ಆಟ ನೋಡಿರಿ" ಎಂದಂತಾಯಿತು.

ಆದರೆ ಎಲ್ಲಕ್ಕಿಂತ ಆಳವಾಗಿ ನೋಯಿಸಿದ್ದು ಇವಾವುವೂ ಅಲ್ಲ. ನಾಟಕದ ಆರಂಭದಲ್ಲೇ, ಮಗನೊಡನೆ ಮಾತಿಗೆ ಮಾತು ಬೆಳೆದು, ನೀನು ನನ್ನ ಮಗನಾಗಿರದಿದ್ದರೆ ಚೆನ್ನಾಗಿತ್ತೆಂಬ ಅರ್ಥದ ಮಾತನ್ನು ಹ್ಯಾರಿ ಆಡಿಬಿಡುತ್ತಾನೆ. ತಂದೆಗಾಗಿ ಏಳು ಸಂಪುಟಗಳುದ್ದಕ್ಕೂ ಹಂಬಲಿಸಿದ ಹುಡುಗ ಇಂಥ ಮಾತನ್ನು ಆಡಬಲ್ಲನೇ? "ಇವನು ನಮ್ಮ ಹ್ಯಾರಿಯಲ್ಲ, ಯಾರೋ ಬೇರೆಯವನು" ಎಂದು ನಮ್ಮಲ್ಲೊಬ್ಬ ಗೆಳತಿ ಪುಸ್ತಕ ಮುಚ್ಚಿಟ್ಟವಳು ಮತ್ತೆ ತೆರೆಯಲಿಲ್ಲ. ಇನ್ನೊಬ್ಬ ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಅವನ ತಂದೆ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತು ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದವರು, ಬೆಳಗಿನ ಐದಕ್ಕೆ ಮತ್ತೆ ಹೊರಡುತ್ತಿದ್ದವರು. "ನಮ್ಮ ಅಪ್ಪ ಹನ್ನೆರಡು ವರ್ಷದವರಿದ್ದಾಗಲೇ ಊರು ಬಿಟ್ಟು ಬಂದವರು. ಅಪ್ಪ ಎಂದರೆ ಹೇಗಿರಬೇಕೆಂದು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಹ್ಯಾರಿಗೂ ಯಾರು ತೋರಿಸಿದ್ದರು?" ಎಂದು ಅವನು ಕೊನೆಗೆ ಕೇಳಿದ. ಆ ಪ್ರಶ್ನೆಗೆ ಆಕ್ಷೇಪದ ಪಕ್ಷದಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಮುಗಿದ ಕಥೆಯನ್ನು ಮುಂದುವರಿಸುವುದು ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರೈಸಿದನು. ಗದುಗಿನ ಭಾರತವನ್ನು ಮನೆಮನೆಯಲ್ಲಿ ಓದಿಸಿ ಕೇಳಿದ ಜನ ತಿಮ್ಮಣ್ಣನಿಗೆ ಗೌರವ ಕೊಟ್ಟರು, ಆ ಪ್ರೀತಿಯನ್ನು ಮಾತ್ರ ಕೊಡಲಿಲ್ಲ. ಆದರೆ ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕಥೆಯನ್ನೇ ಎತ್ತಿಕೊಂಡ ಲಕ್ಷ್ಮೀಶನ 'ಜೈಮಿನಿ ಭಾರತ' ಕನ್ನಡಿಗರ ನಾಲಗೆಯ ಮೇಲೆ ನಲಿಯಿತು. ಅಲ್ಲಿ ಬಭ್ರುವಾಹನನ ಪ್ರಕರಣವಿದೆ. ತಂದೆಯೆಂದು ತಿಳಿದು ಕುದುರೆಯನ್ನು ಒಪ್ಪಿಸಿ ಕಾಲಿಗೆರಗಿದ ಮಗನನ್ನು ಅರ್ಜುನನು ಹೀಯಾಳಿಸಿ, ನೀನು ನನ್ನ ಮಗನೇ ಅಲ್ಲವೆಂದು ತಳ್ಳುತ್ತಾನೆ. ಮಗನ ಬಾಣದಿಂದಲೇ ಮಡಿಯುತ್ತಾನೆ. ನಾಗಲೋಕದ ಮಣಿಯಿಂದಲೂ ಕೃಷ್ಣನ ಕೃಪೆಯಿಂದಲೂ ಮರಳಿ ಬದುಕುತ್ತಾನೆ. ಕುರುಕ್ಷೇತ್ರದ ವೀರ ಮಣಿಪುರದಲ್ಲಿ ಇಷ್ಟು ಸಣ್ಣವನಾದನೇ ಎಂದು ಯಾರೂ ಆ ಕಾವ್ಯವನ್ನು ಮುಚ್ಚಿಡಲಿಲ್ಲ. ಯಕ್ಷಗಾನದಲ್ಲಿ ಅದು ಮೆರೆಯಿತು. 1977ರಲ್ಲಿ ಚಲನಚಿತ್ರವಾದಾಗ ತಂದೆ ಮಗ ಇಬ್ಬರ ಪಾತ್ರಗಳನ್ನೂ ರಾಜಕುಮಾರರೇ ಧರಿಸಿದರು. ಗೆದ್ದು ಬಂದ ವೀರನಿಗೆ ಮನೆಯೊಳಗೆ ಇನ್ನೊಂದು ಕಾಳಗ ಕಾದಿರುತ್ತದೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು.

ಒಪ್ಪದ ಮುಂದುವರಿಕೆಗೆ ಓದುಗ ತಲೆಬಾಗಲೇಬೇಕೆಂಬ ನಿಯಮವೂ ಇಲ್ಲ. ಉತ್ತರಕಾಂಡದಲ್ಲಿ ಸೀತೆಯನ್ನು ಕಾಡಿಗಟ್ಟಿ ಭೂಮಿಗೆ ಸೇರಿಸಿದ ಕಥೆಯನ್ನು ಭವಭೂತಿ ಹಾಗೆಯೇ ಬಿಡಲಿಲ್ಲ. ತನ್ನ 'ಉತ್ತರರಾಮಚರಿತ'ದಲ್ಲಿ ಗಂಡಹೆಂಡಿರನ್ನು ಮತ್ತೆ ಕೂಡಿಸಿದನು. ಕಥೆಗಾರನನ್ನು ಓದುಗರು ಬಿಡದೆ ಕಾಡಿದ ಉದಾಹರಣೆಯೂ ಉಂಟು. ಅಮೆರಿಕದ ಎಲ್. ಫ್ರಾಂಕ್ ಬಾಮ್ 1900ರಲ್ಲಿ ಆರಂಭಿಸಿದ ಆಜ್ ದೇಶದ ಕಥೆಗಳನ್ನು 1910ರ ಆರನೆಯ ಪುಸ್ತಕದಲ್ಲಿ ಮುಗಿಸಿ, ಆ ದೇಶಕ್ಕೂ ಹೊರಜಗತ್ತಿಗೂ ಸಂಪರ್ಕ ಕಡಿದುಹೋಯಿತೆಂದು ಸಾರಿದರು. ಮಕ್ಕಳ ಪತ್ರಗಳು ನಿಲ್ಲಲಿಲ್ಲ. 1913ರಲ್ಲಿ, ತಂತಿಯಿಲ್ಲದ ತಂತಿಯ ಮೂಲಕ ಸುದ್ದಿ ಬಂದಿತೆಂದು ನೆಪ ಹೇಳಿ ಅವರು ಮತ್ತೆ ಬರೆಯಬೇಕಾಯಿತು. 1919ರಲ್ಲಿ ಅವರು ತೀರಿಕೊಂಡ ಮೇಲೆಯೂ ರೂತ್ ಪ್ಲಮ್ಲಿ ಥಾಂಪ್ಸನ್ ಎಂಬಾಕೆ ಕಥೆಯನ್ನು ನಡೆಸಿಕೊಂಡು ಹೋದರು.

ಇಷ್ಟನ್ನೆಲ್ಲ ಚರ್ಚಿಸಿದ ಮೇಲೆ ನಾವು ನಾಟಕವನ್ನು ಇನ್ನೊಮ್ಮೆ ಓದಿದೆವು. ಆಗ ಒಂದು ಅಂಶ ನಮ್ಮ ಗಮನವನ್ನು ಸೆಳೆಯಿತು. ಮುಗಿದ ಕಥೆಗೆ ಹಿಂದಿರುಗಿ ಅದನ್ನು ಸರಿಪಡಿಸ ಹೊರಟವರ ಪಾಡೇ ಈ ನಾಟಕದ ವಸ್ತು. ಹುಡುಗರು ಒಂದು ಸಾವನ್ನು ತಪ್ಪಿಸಲು ಹೋಗಿ ಪ್ರತಿ ಸಲವೂ ಇನ್ನೊಂದನ್ನು ಕೆಡಿಸುತ್ತಾರೆ; ಒಂದು ಸಲವಂತೂ ವೋಲ್ಡೆಮಾರ್ಟನೇ ಗೆದ್ದ ಜಗತ್ತಿಗೆ ಬಂದು ಬೀಳುತ್ತಾರೆ. ಕೊನೆಗೆ ಹ್ಯಾರಿ ತನ್ನ ತಂದೆತಾಯಿಗಳು ಕೊಲೆಯಾಗುವ ರಾತ್ರಿಯಲ್ಲಿ, ಕೂಗಳತೆಯ ದೂರದಲ್ಲಿ ನಿಂತೂ ಕೈ ಅಡ್ಡ ತರುವುದಿಲ್ಲ. ಆದುದು ಆಗಿಹೋಯಿತು, ಅದನ್ನು ಮುಟ್ಟಲಾಗದು. ಎಂಟನೆಯ ಕಥೆ ಎಷ್ಟೇ ದುರ್ಬಲವಾಗಿದ್ದರೂ ಮೊದಲ ಏಳನ್ನು ಅದು ಕೆಡಿಸಲಾರದೆಂಬ ಧೈರ್ಯ ನಮಗೆ ಬಂದದ್ದು ಆ ದೃಶ್ಯದಿಂದಲೇ. ನಾವು ಸರದಿಯಲ್ಲಿ ಓದಿದ ಪುಟಗಳು ಓದಿದಂತೆಯೇ ಉಳಿದಿವೆ.

ಕಡೆಯ ದೃಶ್ಯದಲ್ಲಿ ತಂದೆ ಮಗ ಸೆಡ್ರಿಕನ ಸಮಾಧಿಯ ಬಳಿ ಮಾತಾಡುತ್ತಾರೆ. ಅಷ್ಟು ದೊಡ್ಡ ವೈರಿಯನ್ನು ಎದುರಿಸಿದ ಹ್ಯಾರಿ ತನಗೆ ಕತ್ತಲೆಯೆಂದರೆ ಭಯ, ಪಾರಿವಾಳಗಳೆಂದರೂ ಭಯ ಎಂದು ಮಗನ ಮುಂದೆ ಹೇಳಿಕೊಳ್ಳುತ್ತಾನೆ. ಕಿಟಕಿಗೊಂದು ಗೂಡು ಕಟ್ಟುವ ಪಾರಿವಾಳಗಳ ನಡುವೆ ಬೆಳೆದ ಮುಂಬಯಿಯ ನಮಗೆ ಇದು ನಗೆಯ ಮಾತು. ನಕ್ಕೆವು, ನಕ್ಕ ಮೇಲೆ, ನಮ್ಮ ತಂದೆಯವರಿಗೆ ಯಾವುದರ ಭಯವಿತ್ತೆಂದು ನಾವು ಎಂದೂ ಕೇಳಿಲ್ಲವಲ್ಲ ಎಂದು ಒಬ್ಬರು ನೆನಪಿಸಿದರು. ಹೋಟೆಲಿನ ಗೆಳೆಯ ಆ ರಜೆಯಲ್ಲಿ ಊರಿಗೆ ಹೋದಾಗ ನಿವೃತ್ತರಾಗಿದ್ದ ತಂದೆಯೊಡನೆ ಮೂರು ದಿನ ಜಗುಲಿಯಲ್ಲಿ ಕುಳಿತು ಮಾತಾಡಿದನಂತೆ. ಏನು ಮಾತಾಡಿದನೆಂದು ನಮಗೆ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ಪುಸ್ತಕ ಮುಚ್ಚಿಟ್ಟ ಗೆಳತಿ ತನ್ನ ಪಕ್ಷವನ್ನು ಇಂದಿಗೂ ಬಿಟ್ಟಿಲ್ಲ. ಅವಳಿಗೆ ಏಳೇ ಕಥೆಗಳು, ಎಂಟನೆಯದಿಲ್ಲ. ಅವಳ ಮಾತಿನಲ್ಲಿಯೂ ನ್ಯಾಯವಿದೆ.

ಲೋಕದ ತೀರ್ಪೂ ಒಂದೇ ಆಗಿರಲಿಲ್ಲ. ನಾಟಕ 2017ರಲ್ಲಿ ಲಂಡನ್ನಿನ ಒಲಿವಿಯರ್ ಪ್ರಶಸ್ತಿಗಳಲ್ಲಿ ಒಂಬತ್ತನ್ನೂ, 2018ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿಗಳಲ್ಲಿ ಆರನ್ನೂ ಗೆದ್ದಿತು. ಆದರೆ ಎರಡು ಭಾಗಗಳಾಗಿದ್ದ ಅದನ್ನು 2021ರಲ್ಲಿ ನ್ಯೂಯಾರ್ಕಿನಲ್ಲಿ ಒಂದೇ ಭಾಗಕ್ಕೆ ಇಳಿಸಿದರು. ಅದೇ ಮಾಂತ್ರಿಕ ಜಗತ್ತಿನ ಹಿಂದಿನ ಕಾಲವನ್ನು ಕುರಿತು ಐದು ಚಲನಚಿತ್ರಗಳನ್ನು ಯೋಜಿಸಿದರು. 2016, 2018, 2022ರಲ್ಲಿ ಬಂದವು ಮೂರೇ. ಮುಂದುವರಿಸಿದ್ದೆಲ್ಲ ಉಳಿಯುವುದಿಲ್ಲ. ಯಾವುದು ತಿಮ್ಮಣ್ಣನ ದಾರಿ ಹಿಡಿಯುವುದು, ಯಾವುದು ಲಕ್ಷ್ಮೀಶನ ದಾರಿ ಹಿಡಿಯುವುದು ಎಂಬುದನ್ನು ಕಾಲವೂ ಓದುಗರೂ ಕೂಡಿ ನಿರ್ಣಯಿಸುತ್ತಾರೆ.

ಕಿರಿಯರೇ, ನೀವು ಇಂದು ಪ್ರೀತಿಸುವ ಕಥೆಗೂ ಒಂದು ದಿನ ಮುಂದಿನ ಭಾಗ ಬರುತ್ತದೆ. ಅದನ್ನು ಕುರಿತು ಪರರ ಮಾತು ಕೇಳಿ ಹೊಗಳಲೂ ಬೇಡಿರಿ, ಹಳಿಯಲೂ ಬೇಡಿರಿ, ಮೊದಲು ಓದಿರಿ. ಹಿಡಿಸದಿದ್ದರೆ ಭವಭೂತಿಯಂತೆ ನಿಮ್ಮದೇ ಮುಂದಿನ ಭಾಗವನ್ನು ಬರೆಯಿರಿ. ಈ ಸಂಚಿಕೆಯಲ್ಲಿ ಅದಕ್ಕೆ ಎಡೆ ಇದ್ದೇ ಇದೆ. ಹಿಡಿಸಿದರೆ, ಹಿಡಿಸದ ಗೆಳೆಯನೊಡನೆ ಜಗಳವಾಡಿರಿ, ಆದರೆ ಸರದಿಯ ಪುಸ್ತಕವನ್ನು ಮಾತ್ರ ಹೇಳಿದ ದಿನಕ್ಕೆ ಅವನಿಗೆ ತಲುಪಿಸಿರಿ.