ಮೊರಿಯರ ಮನೆ

ದಸರಾ ರಜೆಯಲ್ಲಿ ಮಳವಳ್ಳಿಯ ಅಪ್ಪ-ಮಗ ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡ ಹತ್ತಿದರು. ಬರುವಾಗ ಕಟ್ಟಿಸಿಕೊಂಡಿದ್ದ ಮದ್ದೂರು ವಡೆ ಅರ್ಧ ದಾರಿಯಲ್ಲೇ ಖಾಲಿ.

ಮೇಲೆ ಹೋದರೆ ಕಲ್ಲಿನದೇ ಒಂದು ಊರು! ಸುತ್ತ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ದುಂಡನೆಯ ಕಿಂಡಿ. ಇಂಥವು ಸುಮಾರು 400. ಕುಳ್ಳರಾದ ಮೊರಿಯರ ಮನೆಗಳಿವು ಎಂಬುದು ಜನರ ನಂಬಿಕೆ.

‘ಅಪ್ಪ, ಇದರೊಳಗೆ ಹೆಂಗೆ ಮಲಗ್ತಿದ್ರು?’

ಮಲಗುತ್ತಿರಲಿಲ್ಲ. ಬೃಹತ್ ಶಿಲಾ ಸಂಸ್ಕೃತಿಯ ಜನ 2,000 ವರ್ಷಗಳಿಗೂ ಹಿಂದೆ ಸತ್ತವರಿಗಾಗಿ ಕಟ್ಟಿದ ಮನೆಗಳಿವು. ಬದುಕಿದ್ದವರ ಗುರುತು ಬೇಕೆಂದರೆ ಅಲ್ಲಿನ ಬಂಡೆಗಳ ಮರೆಗೆ ಹೋಗಬೇಕು. ಗವಿಯಂಥ ಆ ಜಾಗಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಜಿಂಕೆ, ಬೇಟೆ, ಕುಣಿತ.

ಮಗ ತನ್ನ ಹೆಸರು ಕೆತ್ತಲು ಚೂಪುಗಲ್ಲು ಎತ್ತಿಕೊಂಡ. ಅಪ್ಪ ಗಬಕ್ಕನೆ ಕೈ ಹಿಡಿದರು.

‘ಕುಂತಿಬೆಟ್ಟದಲ್ಲಿ ನೀನೂ ಕೆತ್ತಿದ್ದೀಯಲ್ಲಪ್ಪ, ನೀನೇ ತೋರಿಸಿದ್ದೆ!’

ಅಪ್ಪನಿಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ತಪ್ಪು ಮಾಡ್ದೆ ಕಣೋ’ ಎಂದರು.

ಮಗ ಬಂಡೆಯನ್ನು ಮತ್ತೊಮ್ಮೆ ನೋಡಿದ. ಜಿಂಕೆ ಬರೆದವನ ಹೆಸರು ಎಲ್ಲೂ ಇರಲಿಲ್ಲ. ಜಿಂಕೆ ಮಾತ್ರ ಇತ್ತು. ಕಲ್ಲನ್ನು ಕೆಳಗಿಟ್ಟು, ಚೀಲದಿಂದ ನೋಟ್‌ಬುಕ್ ತೆಗೆದು, ಅದನ್ನೇ ನೋಡಿ ನೋಡಿ ಬರೆದುಕೊಳ್ಳತೊಡಗಿದ.