ಅಘನಾಶಿನಿಯ ಅಳಿವೆಯಲ್ಲಿ

ನಾಗಪುರದಲ್ಲಿ ಮೇ ತಿಂಗಳ ಉಷ್ಣಮಾನ 45 ಡಿಗ್ರಿಯನ್ನು ಮುಟ್ಟಿತೆಂದರೆ ನಮ್ಮ ಕಛೇರಿಯ ಮಿತ್ರರು ಗಿರಿಧಾಮಗಳನ್ನು ನೆನೆಯುತ್ತಾರೆ. ನಾವಾದರೋ ರಜೆ ಪಡೆದು, ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ, ಸಮೀಪದ ತದಡಿಗೆ ನಡೆದೆವು. ಅಘನಾಶಿನಿ ನದಿ ಕಡಲನ್ನು ಕೂಡುವುದು ಇಲ್ಲಿಯೇ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟಿನ ತಡೆಯೊಂದೂ ಇಲ್ಲದೆ ಹರಿದುಬರುವ ಈ ನದಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಯನ್ನು, ಎಂದರೆ ಜಗತ್ತಿನ ಮಹತ್ವದ ಜೌಗುನೆಲೆಗಳ ಸಾಲನ್ನು, ಸೇರಿತು.

ಬೇಸಿಗೆಯಲ್ಲಿ ನದಿಯ ಸಿಹಿನೀರು ಸೊರಗುತ್ತದೆ; ಉಬ್ಬರದೊಡನೆ ಉಪ್ಪುನೀರು ಮಿರ್ಜಾನದ ಕಡೆಗೆ ಏರುತ್ತದೆ. ನೀರಿನ ಬೆನ್ನಿಗೇ ಮೀನೂ ಬರುತ್ತದೆ. ಯಂತ್ರದ ದೋಣಿ ಇಲ್ಲದವರಿಗೆ ಇದೇ ಸುಗ್ಗಿ. ಆದರೆ ಗಡಿಯಾರವನ್ನು ನಂಬಿ ಹೊರಟವರ ಬುಟ್ಟಿ ತುಂಬದು. ಉಬ್ಬರವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ಕಛೇರಿಗೆ ಹೀಗೆ ಬಂದರೆ ಮೂರನೆಯ ದಿನವೇ ಕಾರಣ ಕೇಳಿ ಪತ್ರ ಬರುತ್ತದೆ! ಇಲ್ಲಿಯವರ ಹಾಜರಿಪುಸ್ತಕವೆಂದರೆ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಇಳಿತ ದೊಡ್ಡದು. ಮರಳುದಿಬ್ಬಗಳು ತಲೆಯೆತ್ತುತ್ತವೆ, ಹೆಂಗಸರೂ ಗಂಡಸರೂ ನೀರಿಗಿಳಿದು ಬಳಚು ಆರಿಸುತ್ತಾರೆ. ಅಷ್ಟಮಿಯ ಹೊತ್ತಿಗೆ ಸೆಳೆತ ಸಣ್ಣದು. ಗಾಳದ ದಾರ ನೆಟ್ಟಗೆ ಇಳಿಯುತ್ತದೆ.

ಅಂಥ ಒಂದು ನಸುಕಿನಲ್ಲಿ ನಾವು ಮುದುಕನೊಬ್ಬನ ದೋಣಿ ಹತ್ತಿದೆವು. ಆಗ ಗಾಳಿ ನೆಲದ ಕಡೆಯಿಂದ ಮೆಲ್ಲನೆ ಬೀಸುತ್ತದೆ, ನೀರು ಕನ್ನಡಿಯಂತಿರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದರೆ ಬೀಸುಬಲೆ ಸರಿಯಾಗಿ ಅರಳುವುದಿಲ್ಲ. ಬಿಸಿಲಿಗೆ ಮೀನೂ ಆಳಕ್ಕೆ ಸರಿಯುತ್ತದೆ. ನೀರು ಏರತೊಡಗಿದೊಡನೆ ಆತ ಬಲೆಯನ್ನು ಬದಿಗಿಟ್ಟು ಗಾಳಕ್ಕೆ ಸಿಗಡಿ ಸಿಕ್ಕಿಸಿದ.

“ಬಲೆ ಕಂಡರೆ ಕಾಣೆಮೀನು ಮರಳಿನಲ್ಲಿ ಹುಗಿದುಕೊಳ್ಳುತ್ತದೆ, ತಮ್ಮಾ. ಅದನ್ನು ಅಟ್ಟಬಾರದು, ಕರೆಯಬೇಕು,” ಎಂದ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ಕಡಲು ನಿಷಿದ್ಧ. ನಾಡದೋಣಿಗೆ ಆ ಕಟ್ಟಳೆಯಿಲ್ಲ. ಆದರೆ ಮುಂಗಾರು ಕೆರಳಿದಾಗ ಅಳಿವೆಯ ಬಾಯಿ ದಾಟುವ ಧೈರ್ಯ ಯಾರಿಗಿದೆ? ಹೊಳೆಯೂ ಕೆಂಪು ಸಿಹಿನೀರಾಗಿ ಉಪ್ಪುನೀರಿನ ಮೀನು ದೂರವಾಗುತ್ತದೆ. ಮಳೆಗಾಲದ ಅಕ್ಕಿ, ಮಕ್ಕಳ ಶಾಲೆಯ ಖರ್ಚು, ಎಲ್ಲವೂ ಈ ಮೇ ತಿಂಗಳಲ್ಲಿಯೇ ಹುಟ್ಟಬೇಕು. ಹೀಗಿದ್ದೂ ಆತ ಬೆರಳುದ್ದದ ಮೀನುಗಳನ್ನು ಬಿಡಿಸಿ ನೀರಿಗೆ ಹಾಕುತ್ತಿದ್ದ.

“ಮಳೆಗಾಲ ಎದುರಿಗಿದೆಯಲ್ಲ, ಅಜ್ಜಾ?” ಎಂದು ನಾವು ಕೇಳಿದೆವು.

“ಅದಕ್ಕೇ ಬಿಡುವುದು. ಮಳೆ ಕಳೆದ ಮೇಲೆ ನಾನು ಬೇರೆಲ್ಲಿಗೆ ಹೋಗಲಿ? ಇದೇ ಹೊಳೆ.”

ನಮ್ಮ ಸಂಘದಲ್ಲಿ ಮೀನು ತಿನ್ನುವವರೂ ಇದ್ದಾರೆ, ಅದರ ವಾಸನೆಗೇ ಮೂಗು ಮುಚ್ಚುವವರೂ ಇದ್ದಾರೆ. ಗೋಕರ್ಣಕ್ಕೆ ಹೋಗುವ ಉಭಯ ಪಕ್ಷದವರೂ ಒಂದು ಬೆಳಗನ್ನು ತದಡಿಗೆ ಮೀಸಲಿಡಲಿ. ನಾಳೆಗೆಂದು ಇಂದು ಕೈಬಿಡುವ ಮಿತವ್ಯಯ ತಿಂಗಳ ಸಂಬಳದ ನಮಗೂ ಕಲಿಯತಕ್ಕದ್ದೇ.