ಗೋಡೆಯೊಳಗಿನ ಕೊಳಾಯಿ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರಸ್ವಾಮಿಯ ದೇವಸ್ಥಾನಕ್ಕೆ ಸಮೀಪದ ಬೀದಿಯೊಂದರಲ್ಲಿ ನಮಗೆ ಪಿತ್ರಾರ್ಜಿತವಾಗಿ ಬಂದ ಹಳೆಯ ಕಟ್ಟಡವೊಂದುಂಟು. ಕೆಳಗೆ ಊಟದ ಹೊಟೇಲು. ಮೇಲೆ ಯಾತ್ರಿಕರು ತಂಗುವ ನಾಲ್ಕು ಕೊಠಡಿಗಳು. ಬಾಡಿಗೆಯನ್ನು ತಪ್ಪದೆ ಎಣಿಸಿಕೊಳ್ಳುತ್ತಿದ್ದ ನಾವು ಗೋಡೆಯೊಳಗೆ ಹುದುಗಿದ್ದ ಕೊಳಾಯಿಯನ್ನು ಮಾತ್ರ ಒಂದು ದಿನವೂ ನೆನೆದವರಲ್ಲ.

2019ನೆಯ ಇಸವಿಯ ದೊಡ್ಡಜಾತ್ರೆಗೆ ಹತ್ತು ದಿನ ಮುಂಚೆ ಹೊಟೇಲಿನವರು ಬಂದು, ಬೆಳಗಿನ ಮೊದಲ ನೀರು ಕೆಂಪಾಗಿಯೂ ದುರ್ವಾಸನೆಯಿಂದ ಕೂಡಿಯೂ ಬರುತ್ತಿದೆಯೆಂದು ತಿಳಿಸಿದರು. ಹಿಂದೆ ಎರಡು ಸಲ ಇದೇ ದೂರು ಬಂದಾಗ ಸೋರುವೆಡೆಗೆ ಪಟ್ಟಿ ಬಿಗಿಸಿ ಸುಮ್ಮನಾಗಿದ್ದೆವು. ಈ ಸಲ ಅವರ ಆರು ವರ್ಷದ ಮಗಳು ವಿಷಮಶೀತಜ್ವರದಿಂದ ಮಲಗಿದ್ದಳು. ಜ್ವರ ಈ ನೀರಿನಿಂದಲೇ ಬಂದಿತೆಂದು ವೈದ್ಯರು ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ತಂದೆಯೂ ಅದನ್ನು ದೂರಾಗಿ ಆಡಲಿಲ್ಲ; ಆಡಿದ್ದರೆ ನಮಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಿಂದ ವೃದ್ಧ ಮೇಸ್ತ್ರಿಯೊಬ್ಬರನ್ನು ಕರೆಯಿಸಿದೆವು. ಹಳೆಯ ಗಾರೆಗೋಡೆಗೆ ದೊಡ್ಡ ಸುತ್ತಿಗೆಯ ಪೆಟ್ಟು ಸಲ್ಲದೆಂದು ಅವರು ಉಳಿ ಹಿಡಿದು ಗೇಣುಗೇಣಾಗಿ ಬಿಡಿಸಿದರು. ಸತುವಿನ ಲೇಪವಿದ್ದ ಕಬ್ಬಿಣದ ಕೊಳವೆ. ಲೇಪ ಸವೆದು, ಒಳಗೆ ತುಕ್ಕು ಗಂಟುಗಟ್ಟಿ, ಒಂದಂಗುಲದ ಬಾಯಿ ಕಿರುಬೆರಳೂ ತೂರದಷ್ಟು ಕಿರಿದಾಗಿತ್ತು. ಅದಕ್ಕಿಂತ ಕೆಟ್ಟದ್ದು ನೆಲದಡಿಯಲ್ಲಿತ್ತು. ಬಚ್ಚಲಿನ ಕೊಳೆನೀರು ಹರಿಯುವ ಮಣ್ಣಿನ ಕೊಳವೆ ಬಿರಿದಿತ್ತು. ಅದೇ ಗುಂಡಿಯಲ್ಲಿ ಕುಡಿಯುವ ನೀರಿನ ಕೊಳಾಯಿಯೂ ನೆನೆಯುತ್ತಿತ್ತು.

“ನೀರು ಬರುವಾಗ ತೂತಿನಿಂದ ಹೊರಕ್ಕೆ ಸೋರುತ್ತೆ ಸ್ವಾಮಿ, ನಿಂತ ಮೇಲೆ ಹೊರಗಿನದನ್ನ ಒಳಕ್ಕೆ ಹೀರುತ್ತೆ” ಎಂದರು ಮೇಸ್ತ್ರಿಗಳು. ನಿಜವೇ. ಹಗಲಿರುಳೂ ಒತ್ತಡವಿರುವ ಕೊಳಾಯಿಯೊಳಕ್ಕೆ ಕೊಳೆ ನುಗ್ಗುವುದು ಕಷ್ಟ. ಗಂಟೆಯ ಲೆಕ್ಕದಲ್ಲಿ ನೀರು ಬಿಡುವ ಕಡೆ ಕೊಳಾಯಿ ಬರಿದಾದಾಗಲೆಲ್ಲ ಅದಕ್ಕೆ ಬಾಗಿಲು ತೆರೆದಂತೆಯೇ.

ಜಾತ್ರೆ ಕಳೆಯಲಿ, ಸದ್ಯಕ್ಕೆ ಪಟ್ಟಿ ಬಿಗಿಯಿರಿ ಎಂದು ನಾವು ಕೇಳಿದುದನ್ನು ವಾಚಕರಿಂದ ಮುಚ್ಚಿಡಲಾರೆವು. ಅವರು ಮಾತಾಡದೆ ಸಲಕರಣೆಗಳನ್ನು ಚೀಲಕ್ಕೆ ತುಂಬತೊಡಗಿದರು. ಕಡೆಗೆ ನಾವೇ ಸೋತೆವು. ಹೊಟೇಲು ಎಂಟು ದಿನ ಮುಚ್ಚಿತು. ಆ ತಿಂಗಳ ಬಾಡಿಗೆಯನ್ನು ನಾವು ಕೇಳಲಿಲ್ಲ. ಮೋರಿಯ ಕೊಳವೆಯನ್ನು ಬದಲಿಸಿ, ಪ್ಲಾಸ್ಟಿಕ್ಕಿನ ಹೊಸ ಕೊಳಾಯಿಯನ್ನು ಅದರಿಂದ ದೂರವಾಗಿ, ಒಳಗೋಡೆಯ ಮೇಲೆಯೇ ಕಣ್ಣಿಗೆ ಕಾಣುವಂತೆ ಎಳೆದರು. ನೋಡಲು ಚೆನ್ನಾಗಿಲ್ಲವೆಂದು ನಮ್ಮ ಮನೆಯವರ ಆಕ್ಷೇಪಣೆ. ಸೋರಿದರೆ ಕಾಣುವುದಷ್ಟೆ!

ತೇರಿನ ದಿನ ಆ ಮಗು, ಜ್ವರ ಬಿಟ್ಟಿದ್ದರೂ ಸೊರಗಿದ್ದ ಮೊಗದಿಂದ, ಹೊಟೇಲಿನ ಜಗಲಿಯ ಮೇಲೆ ತಾಯಿಯ ಮಡಿಲಲ್ಲಿ ಕುಳಿತಿತ್ತು. ಒಳಗೆ ಯಾತ್ರಿಕರು ಊಟಕ್ಕೆ ಕಾದಿದ್ದರು. ನಾವು ನೆಟ್ಟಗೆ ಹಿತ್ತಲಿಗೆ ಹೋಗಿ, ನಲ್ಲಿ ತಿರುಗಿಸಿ, ಒಂದು ಲೋಟ ನೀರು ಹಿಡಿದು ಕುಡಿದು ಬಂದೆವು.